ದೊರೆಸಾನಿಯ ಬೋಳು ಹಣೆ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನು ನೋಡಿದರೆ, ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನನ್ನದೇ ಗೇಲಿಚಿತ್ರ. ಬಕೆಟ್ಟಿನಷ್ಟು ಅಗಲದ ಬಾಯಿ, ಬಸ್ಸಿನ ಚಕ್ರಕ್ಕೆ ಸಿಕ್ಕಿಕೊಂಡ ಸೆರಗು. ಬರೆದವನು ಮೂಲೆಮನೆಯವನು, ನಾಚಿಕೆಯಿಲ್ಲದೆ ಕೆಳಗೆ ಹೆಸರೂ ಹಾಕಿಕೊಂಡಿದ್ದಾನೆ. ಬಸ್ ಸ್ಟಾಪಿಗೊಂದು ಸೂರು ಬೇಕೆಂದು ಐರ್ಲೆಂಡಿನ ಈ ಸ್ವೋರ್ಡ್ಸ್ ಊರಿನ ಲೋಕಲ್ ಎಲೆಕ್ಷನ್ನಿಗೆ ನಿಂತು ಮನೆಮನೆ ಬಾಗಿಲು ತಟ್ಟಿದ್ದಕ್ಕೆ ನನಗೆ ಸಿಕ್ಕ ಮರ್ಯಾದೆ ಇದು. ನಾನು ಹೋಗಿದ್ದಾದರೂ ಸೀರೆಯಲ್ಲೇ? ರೇನ್‌ಕೋಟಿನಲ್ಲಿ! ಮೈಯೆಲ್ಲ ಉರಿದುಹೋಯಿತು. ನಾಮಪತ್ರ ವಾಪಸು ಪಡೆಯಲು ಇವತ್ತೇ ಕೊನೆ. ಸಾಕಪ್ಪಾ ಸಾಕು, ನಾನು ನಿಲ್ಲಲ್ಲ ಎಂದು ಗಂಡನಿಗೆ ಮೆಸೇಜು ಬರೆದೂ ಆಯಿತು, ಕಳಿಸುವುದೊಂದೇ ಬಾಕಿ.

ಅಷ್ಟರಲ್ಲಿ, ಇಂಥದೇ ಬಾಯಿಯನ್ನು ಹಿಂದೆ ನೋಡಿದ್ದೇನಲ್ಲ ಅನ್ನಿಸಿತು.

ಈ ದೇಶಕ್ಕೆ ಬಂದ ಹೊಸದರಲ್ಲಿ ನಾವಿದ್ದ ಬಾಡಿಗೆ ಮನೆಯ ಹಾಲಿನಲ್ಲಿ, ಮನೆಯೊಡತಿ ಬಿಟ್ಟುಹೋದ ದೊಡ್ಡ ಚಿತ್ರವೊಂದಿತ್ತು. ಗರಿಯ ಟೋಪಿ, ಬೆಣ್ಣೆಯಂಥ ಕತ್ತು, ಯಾವ ಕಾಲದ್ದೋ ದೊರೆಸಾನಿ. ಮೆಟ್ಟಿಲ ಕೆಳಗೆ ಅವಳದೇ ಇನ್ನೊಂದು. ತನ್ನ ಕಡೆಯವರಿಗೆ ವೋಟು ಕೇಳಲು ಬೀದಿಗಿಳಿದಳೆಂದು ಆಗಿನವರು ಅಚ್ಚುಹಾಕಿ ಮಾರಿದ ಗೇಲಿಚಿತ್ರ ಅದು. ಊದಿದ ಕೆನ್ನೆ, ಅಷ್ಟಗಲ ಬಾಯಿ, ವೋಟಿಗಾಗಿ ಮಾಂಸದಂಗಡಿಯವನಿಗೆ ಮುತ್ತು ಬೇರೆ. ಚಿತ್ರಗಳನ್ನು ಮುಟ್ಟಕೂಡದೆಂದು ಒಡತಿ ಮೊದಲೇ ತಾಕೀತು ಮಾಡಿದ್ದಳು.

ಅಂಥ ಮನೆಗೆ ಮೈಸೂರಿನಿಂದ ನಮ್ಮತ್ತೆ ಬಂದರು. ಡಿಶ್‌ವಾಷರಿನಲ್ಲಿ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವ ಜನ ಅವರು. ನಾನು ಏನು ಹೇಳಲಿ, ಯಾರಿಗೆ ಹೇಳಲಿ! ಮೊದಲ ಶುಕ್ರವಾರ ಆಫೀಸಿನಿಂದ ಬಂದು ನೋಡಿದರೆ ದೊರೆಸಾನಿಯ ಹಣೆಗೆ ಕಾಸಗಲದ ಕುಂಕುಮ. ಯಾರ ಮನೆಯ ಹಿರಿಯಳೋ, ಬೋಳು ಹಣೆಯಲ್ಲಿ ಬಿಡಬಾರದಂತೆ. ಗಾಜು ಒರೆಸಿದೆ. ಮುಂದಿನ ಶುಕ್ರವಾರ ಮತ್ತೆ ಇಟ್ಟರು. ಕುಂಕುಮ ಚೌಕಟ್ಟಿನ ಸಂದಿಗಿಳಿಯಿತು, ನನ್ನ ಪಿತ್ತ ನೆತ್ತಿಗೇರಿತು. ನೀವು ಪೂಜೆ ಮಾಡುವ ಮಹಾತಾಯಿಯನ್ನು ಅವಳ ಊರಿನವರೇ ಹೇಗೆ ಕಂಡರು ನೋಡಿ ಎಂದು ಅವರನ್ನು ಮೆಟ್ಟಿಲ ಕೆಳಗೆ ಕರೆದೊಯ್ದೆ.

ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಆ ದೊಡ್ಡ ಚಿತ್ರ ದುಡ್ಡು ಕೊಟ್ಟು ಬರೆಸ್ಕೊಂಡಿರ್ತಾಳೆ," ಅಂದರು. "ಇದನ್ನ ಇವಳಿಗೆ ಹೆದ್ರಿಕೊಂಡೋರು ಬರ್ದಿದ್ದಾರೆ. ನಾನು ಪುರಸಭೆಗೆ ನಿಂತಾಗ ನನ್ನ ಮೇಲೂ ಗೋಡೆ ತುಂಬ ಬರ್ದಿದ್ರು ಕಣೇ. ನಾನೇ ಹೆದ್ರಿ ವಾಪಸ್ ತಗೊಂಬಿಟ್ಟೆ."

ಹಾಗೆಂದವರೇ ಆ ಊದಿದ ಮುಖದ ಹಣೆಗೂ ಕುಂಕುಮ ಒತ್ತಿದರು. ಅವರು ಊರಿಗೆ ಹೋಗುವವರೆಗೂ ಶುಕ್ರವಾರ ನಾನು ಎರಡೆರಡು ಗಾಜು ಒರೆಸಿದೆ. ಎಲೆಕ್ಷನ್ನಿಗೆ ನಿಲ್ಲದೆ ಹಿಂದೆ ಸರಿದ ಅವರ ಸಂಕಟ ನನಗೆ ಆಗ ತಟ್ಟಲಿಲ್ಲ, ಕುಂಕುಮದ ಕಲೆಯ ಚಿಂತೆಯೇ ದೊಡ್ಡದಾಗಿತ್ತು.

ಕಾಫಿ ಆರಿತ್ತು. ಫೋನಿನಲ್ಲಿ ನನ್ನ ಮುಖ ಮತ್ತೆ ನೋಡಿದೆ. ಪುಣ್ಯಾತ್ಮ ಮೂಗು, ಗಲ್ಲ, ಸೆರಗು ಎಲ್ಲ ಬರೆದು ಹಣೆ ಮಾತ್ರ ಬೋಳು ಬಿಟ್ಟಿದ್ದ. ಬೆರಳಿನಲ್ಲೇ ದೊಡ್ಡದೊಂದು ಕೆಂಪು ಬೊಟ್ಟಿಟ್ಟು, ಈಗ ಸರಿಹೋಯಿತು ಎಂದು ಬರೆದು ಗುಂಪಿಗೇ ವಾಪಸು ಹಾಕಿದೆ. ಗಂಡನಿಗೆ ಬರೆದಿದ್ದನ್ನು ಅಳಿಸಿ ರೇನ್‌ಕೋಟು ತೊಟ್ಟು ಹೊರಟೆ. ಇವತ್ತು ಮೊದಲು ತಟ್ಟುವ ಬಾಗಿಲು ಮೂಲೆಮನೆಯದೇ.