ಕಣಗಿಲೆ ಬುಡಕ್ಕೆ ಹೊಯ್ದ ನೀರು

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ಎರಡೂ ಬದಿಗೆ ಹಲ್ಲಿನ ಗುರುತುಗಳಿದ್ದವು. ಹಳೆಯವು ಕಪ್ಪಾಗಿದ್ದವು, ಹೊಸವು ಕೆಂಪಗಿದ್ದವು. ಉಗುರನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿಕೊಂಡು, ಆ ಬೆರಳಿಗೆ ಕುದಿಸಿದ ಬಟ್ಟೆ ಸುತ್ತಿ ಮಾವನವರ ಬಾಯಿ ಒರೆಸುತ್ತಿದ್ದರು. ಮಾವನವರ ದವಡೆ ಬಿಗಿದುಹೋಗಿತ್ತು. ನೋವು ತಡೆಯದಾದಾಗ ಕಚ್ಚಿಬಿಡುತ್ತಿದ್ದರು. "ಇಷ್ಟು ವರ್ಷ ಮಾತಲ್ಲಿ ಕಚ್ಚಿದ್ರು, ಈಗ ಹಲ್ಲಲ್ಲಿ" ಎಂದು ಅತ್ತೆ ಬೆರಳು ಕೊಡವಿಕೊಂಡು ಮತ್ತೆ ಶುರುಮಾಡುತ್ತಿದ್ದರು. ನಾನು ಸೊಸೆ, ಮಾವನವರ ಎದುರಿಗೆ ಹೋಗುವ ಹಾಗಿರಲಿಲ್ಲ. ನೀರು ಕಾಯಿಸಿ, ಬಟ್ಟೆ ಕುದಿಸಿ ಕೊಡುವುದಷ್ಟೇ ನನ್ನ ಪಾಲು.

ಹೊಳಲ್ಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಹೊಸದುರ್ಗದ ಕಡೆಯಿಂದ ಗಾಡಿಯಲ್ಲಿ ಬಂದ ಕೊಬ್ಬರಿಯನ್ನು ಮಾವನವರು ಚಿಕ್ಕಜಾಜೂರಿನಲ್ಲಿ ರೈಲಿಗೆ ಹಾಕಿಸುತ್ತಿದ್ದರು. ಎಚ್ಚರವಿದ್ದಷ್ಟು ಹೊತ್ತೂ ಎಡದವಡೆಯಲ್ಲಿ ಹೊಗೆಸೊಪ್ಪು ಇರಲೇಬೇಕು. ಜಗಲಿಯಲ್ಲಿ ಕೂತು ಮಾತು ತೆಗೆದರೆಂದರೆ ದಾರಿಹೋಕರೂ ನಿಂತು ಕೇಳುತ್ತಿದ್ದರು. ಆ ದವಡೆಯಲ್ಲೇ ಹುಣ್ಣಾಯಿತು. ಪಂಡಿತರು ಅರ್ಬುದ, ಅಂದರೆ ಕ್ಯಾನ್ಸರು, ಎಂದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರೆ, ಮೂಳೆಗೆ ಇಳಿದಿದೆ, ಕೊಯ್ದು ಫಲವಿಲ್ಲ ಎಂದರು ಡಾಕ್ಟರು. ಉಂಡಾಗಲೆಲ್ಲ ಉಪ್ಪುನೀರಿನಿಂದ ಬಾಯಿ ತೊಳೆಸಿ, ಅಗುಳು ಹುಣ್ಣಿನಲ್ಲಿ ನಿಲ್ಲಬಾರದು ಎಂದು ಹೇಳಿ ಕಳಿಸಿದರು.

ವಾಸಿಯಾಗುವ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. "ಸಾಯೋದು ಶಿವನ ಕೈಲೈತೆ. ನಾತ ಹೊಡೀದಂಗೆ ನೋಡ್ಕಳೋದು ನಮ್ಮ ಕೈಲೈತೆ" ಎಂದರು.

ತೊಡಕು ಬಂದದ್ದು ನೇಮದಿಂದ. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಅದರ ಒಂದು ಅಗುಳೂ ಹೊರಗೆ ಬೀಳಬಾರದೆಂದು ಮಾವನವರು ಹರೆಯದಲ್ಲೇ ಗುರುಗಳ ಮುಂದೆ ನೇಮ ಹಿಡಿದಿದ್ದರು. ತಟ್ಟೆ ತೊಳೆದ ನೀರನ್ನು ಕುಡಿಯುತ್ತಿದ್ದರು, ಬಾಯಿ ಮುಕ್ಕಳಿಸಿದ್ದನ್ನೂ ನುಂಗುತ್ತಿದ್ದರು. ಈಗಲೂ ಉಗುಳಲು ಒಪ್ಪಲಿಲ್ಲ. ನುಂಗೋಣವೆಂದರೆ ಗಂಟಲು ಕೇಳಲಿಲ್ಲ. ಗಂಜಿ ಹುಣ್ಣಿನಲ್ಲೇ ನಿಂತು ಕೊಳೆಯಿತು. ವಾಸನೆ ಬೀದಿಗೆ ಮುಟ್ಟಿ, ಜಗಲಿಗೆ ಬರುವವರು ಒಬ್ಬೊಬ್ಬರಾಗಿ ತಪ್ಪಿದರು. ಮಾವನವರ ಜೀವದ ಗೆಳೆಯರು ಮಾಡದಕೆರೆಯ ಗೌಡರು. ಅವರು ಕೂಡ ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದು, ಹೊಸ್ತಿಲಲ್ಲೇ ನಿಂತು ಕ್ಷೇಮ ಕೇಳಿ ಹೊರಟುಹೋದರು. ಮಾವನವರು ಗೋಡೆಯ ಕಡೆ ತಿರುಗಿ ಮಲಗಿದವರು ಅವತ್ತು ಗಂಜಿ ಮುಟ್ಟಲಿಲ್ಲ.

ಅತ್ತೆ ಮಠದ ಅಯ್ಯನವರನ್ನು ಕೇಳಿದರು. "ನೇಮ ಅವರದು ತಾಯಿ, ಬಿಡ್ರಿ ಅನ್ನಕ್ಕೆ ನಾನ್ಯಾರು?" ಎಂದರು ಅವರು. ಅತ್ತೆ ಮನೆಗೆ ಬಂದವರೇ ಮಾವನವರ ಮುಂದೆ ಕುಳಿತರು. ನಾನು ಬಾಗಿಲ ಮರೆಯಲ್ಲಿದ್ದೆ.

"ಹೊಗೆಸೊಪ್ಪು ಉಗುಳಕ್ಕೆ ನಿಮಗೆ ಬೀದಿಯೆಲ್ಲ ಸಾಲ್ತಿರಲಿಲ್ಲ. ಈಗ ನೀರು ಉಗುಳಕ್ಕೆ ನೇಮ ಅಡ್ಡ ಬಂತಾ?"

"ಪ್ರಸಾದ..." ಎಂದಷ್ಟು ಕೇಳಿಸಿತು.

"ಆ ಪ್ರಸಾದ ಒಳಗೆ ಕೊಳೀತೈತೆ, ಅದನ್ನ ಶಿವ ಒಪ್ತಾನಾ? ನೋಡ್ರಿ, ನೆಲಕ್ಕೆ ಚೆಲ್ಲಲ್ಲ, ತುಳಿಯೋ ಜಾಗಕ್ಕೆ ಹಾಕಲ್ಲ. ಬಟ್ಟಲಲ್ಲಿ ಹಿಡ್ಕಂಡು ಹಿತ್ತಲ ಕಣಗಿಲೆ ಬುಡಕ್ಕೆ ಹೊಯ್ತೀನಿ. ಅದರ ಹೂವು ನಿಮ್ಮ ಲಿಂಗಕ್ಕೇ ಬರ್ತೈತೆ. ಇನ್ನ ಹೊರಗೆ ಬಿದ್ದಿದ್ದೆಲ್ಲಿ?"

ಅತ್ತೆಯ ದನಿ ಇಳಿಯಿತು.

"ನಂಗೂ ಸಾಕಾಗೈತ್ರೀ. ಬಾಯಿ ತೆಗೀರಿ."

ತೆಗೆದರು.

ಅಲ್ಲಿಂದ ಮುಂದಿನದು ಬರೀ ದುಡಿತ. ಉಪ್ಪುನೀರು, ಜಾಲಿ ಚಕ್ಕೆಯ ಕಷಾಯ, ಅತ್ತೆಯ ಹಳೆ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆ. ಮಾವನವರನ್ನು ಬೆಳಕಿನ ಕಡೆ ತಿರುಗಿಸಿ, ಸಡಿಲಾದ ಹಲ್ಲಿಗೆ ತಾಗದಂತೆ, ಒಂದೊಂದೇ ಅಗುಳು ತೆಗೆಯಬೇಕು. ಮುಗಿಸಿ ಎದ್ದರೆ ಮತ್ತೆ ಗಂಜಿಯ ಹೊತ್ತು. ಅತ್ತೆ ನಡು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಅವರು ಗೊಣಗದೆ ಮಾಡಿದ್ದನ್ನು ನಾನು ನೋಡಲಿಲ್ಲ, ಗೊಣಗಿ ಬಿಟ್ಟದ್ದನ್ನೂ ನೋಡಲಿಲ್ಲ. ಪತಿಸೇವೆ ದೊಡ್ಡ ಪುಣ್ಯ ಎಂದು ನೆರೆಮನೆಯಾಕೆ ಹೇಳಿದ್ದಕ್ಕೆ, "ಪುಣ್ಯ ಬೇಕಾದ್ರೆ ನೀನೇ ಬಂದು ಒಂದೊತ್ತು ಮಾಡವ್ವ, ಬ್ಯಾಡ ಅಂದೋರ್ಯಾರು" ಎಂದಿದ್ದರು. ಆಕೆ ಮತ್ತೆ ನಮ್ಮ ಮನೆಯ ಕಡೆ ಪುಣ್ಯದ ಮಾತು ತರಲಿಲ್ಲ.

ಹುಣ್ಣು ಮಾಯಲಿಲ್ಲ. ಆದರೆ ನಾತ ತಗ್ಗಿತು, ಗಂಜಿ ಇಳಿಯತೊಡಗಿತು. ಆಗ ಅತ್ತೆಯೇ ಗೌಡರಿಗೆ ಹೇಳಿಕಳಿಸಿದರು: "ಈಗ ಹತ್ರ ಕುಂತ್ಕಳಬೋದು, ಬರ್ರಿ." ಗೌಡರು ಬಂದರು. ಬಾಗಿಲಲ್ಲಿ ಒಂದು ಗಳಿಗೆ ಅನುಮಾನಿಸಿ, ಒಳಗೆ ನಡೆದು ಚಾಪೆಯ ಮೇಲೇ ಕುಳಿತರು. ಗೆಳೆಯನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಅದೇನೇನೋ ಕೇಳಿಸಿಕೊಂಡರು. ನಡುವೆ ಮಾವನವರು ನಕ್ಕ ಸದ್ದಾಯಿತು. ಅಡುಗೆಮನೆಯಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವಾರವೇ ಮಾವನವರು ಶಿವನ ಪಾದ ಸೇರಿದರು. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಒಳಕೋಣೆಗೆ ಹೋಗಿ, ಬರಿ ನೆಲದ ಮೇಲೆ ಮಲಗಿ, ಗಾಢ ನಿದ್ದೆ ಹೋದರು. ಅಳಲು ಬಂದ ಹೆಂಗಸರಿಗೆ ಇದು ಹಿಡಿಸಲಿಲ್ಲ.

"ಗಂಡನ್ನ ಮಣ್ಣಿಗಿಟ್ಟು ಬಂದು ಗೊರಕೆ ಹೊಡೀತಾಳಲ್ಲ! ಏಳ್ಸೇ ಅವಳ್ನ!"

ನಾನು ಆ ಮನೆಯಲ್ಲಿ ಅಲ್ಲಿಯವರೆಗೆ ದನಿ ಎತ್ತಿದವಳಲ್ಲ. ಬಾಗಿಲಿಗೆ ಅಡ್ಡ ಕೂತೆ. "ಏಳ್ಸಲ್ಲ. ಬೇಕಾದ್ರೆ ಜಗಲಿ ಮ್ಯಾಲೆ ಕುಂತು ಅಳ್ರಿ" ಎಂದೆ. ಬೈದುಕೊಂಡೇ ಹೋದರು. ಅತ್ತೆ ಮಾರನೆಯ ದಿನ ಬಿಸಿಲೇರುವವರೆಗೂ ಮಗ್ಗುಲು ಬದಲಿಸಲಿಲ್ಲ.

ಅವರೂ ಹೋಗಿ ಬಹಳ ಕಾಲವಾಯಿತು. ರೊಟ್ಟಿ ತಟ್ಟುತ್ತಾ ಕುಳಿತವರು ಕುಳಿತ ಹಾಗೇ ಹೋದರು; ಒಂದು ಲೋಟ ನೀರನ್ನೂ ಯಾರ ಕೈಯಿಂದಲೂ ಬೇಡಲಿಲ್ಲ. ಸೊಸೆಯಾಗಿ ನಾನು ಅವರಿಗೆ ಮಾಡಿದ ಸೇವೆ ಏನಾದರೂ ಇದ್ದರೆ, ಆ ಒಂದು ದಿನ ಬಾಗಿಲು ಬಿಟ್ಟು ಏಳದೆ ಕೂತದ್ದು.