ಮಟ್ಟದ ಅಮರಪ್ಪ

ಅಮರಪ್ಪ ಕಾಕಾ ನೆಟ್ಟಗೆ ನಡೆದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅವನ ಮನೆ ಬಾಗಿಲಿನಿಂದ ಹೊಲ ಹಾಯ್ದು ಮಸ್ಕಿ ರಸ್ತೆಗೆ ಹೋಗುವುದೆಂದರೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ. ನಾವೆಲ್ಲ ಹಾಗೇ ಹೋಗುತ್ತಿದ್ದೆವು. ಕಾಕಾ ಮಾತ್ರ ಹೊಸ್ತಿಲು ದಾಟಿದವನೇ ಎಡಕ್ಕೆ ಬಾಗಿ, ತುಸು ಮುಂದೆ ಬಲಕ್ಕೆ ಹೊರಳಿ, ಬೇವಿನ ಮರಕ್ಕೆ ಅರ್ಧ ಸುತ್ತು ಹಾಕಿ, ಹಾವು ಹರಿದಂತೆ ಹರಿದು ಕೊನೆಗೆ ರಸ್ತೆ ಮುಟ್ಟುತ್ತಿದ್ದ. ಅಷ್ಟರಲ್ಲಿ ನಾವು ಎರಡನೇ ಬೀಡಿ ಹಚ್ಚಿರುತ್ತಿದ್ದೆವು.

“ಏನೋ ಅಮರಪ್ಪ, ಹೊತ್ತು ಹುಟ್ಟೂ ಮೊದ್ಲ ಏರಿಸಿಯೇನು?” ಎಂದು ಅವನ ವಾರಿಗೆಯವರು ಕೂಗುತ್ತಿದ್ದರು.

“ಏರಿಸೂ ಇಲ್ಲ, ಇಳಿಸೂ ಇಲ್ಲಲೇ. ಮಟ್ಟದಾಗ ಹೊಂಟೀನಿ.”

ಅವನು ಹೆಂಡ ಮುಟ್ಟಿದವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸ್ನಾನ ಪೂಜೆ ಆಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅವನ ಕಾಲು ಹಾಗೆ ಬಾಗಲು ಕಾರಣ ಅವನ ಕೆಲಸ.

ಮಳೆಗೆ ಹೊಲದ ಮಣ್ಣು ಕೊಚ್ಚಿ ಹೋಗದಿರಲೆಂದು ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಲು ಸರ್ಕಾರ ಗ್ರಾಂಟು ಕೊಡುತ್ತಿದ್ದ ಕಾಲ ಅದು. ಒಡ್ಡಿನ ಆಫೀಸಿನ ಸಾಹೇಬರು ಮೂರು ಕಾಲಿನ ದುರ್ಬೀನಿಗೆ ಕಣ್ಣು ಹಚ್ಚಿ ನಿಲ್ಲುತ್ತಿದ್ದರು. ಅಂಕಿ ಬರೆದ ಉದ್ದನೆಯ ಕಟ್ಟಿಗೆ ಹಿಡಿದು ಅಷ್ಟು ದೂರದಲ್ಲಿ ನಿಲ್ಲುವವನು ಅಮರಪ್ಪ ಕಾಕಾ. ನೆಲ ಏರದೆ ಇಳಿಯದೆ ಒಂದೇ ಮಟ್ಟದಲ್ಲಿರುವ ಗೆರೆ ಹಿಡಿದು ಒಡ್ಡು ಹೋಗಬೇಕು. ಗೆರೆ ತಪ್ಪಿದರೆ ನೀರೆಲ್ಲ ಒಂದು ಮೂಲೆಗೆ ನುಗ್ಗಿ ಒಡ್ಡು ಒಡೆಯುತ್ತದೆ. ಆ ಗೆರೆ ಹುಡುಕುತ್ತ ಊರೂರು ತಿರುಗಿದವನ ಕಾಲಿಗೇ ಮಟ್ಟ ಹತ್ತಿಬಿಟ್ಟಿತ್ತು. ಸಾಹೇಬರು “ಇನ್ನೊಂದು ಹೆಜ್ಜೆ ಮೇಲಕ್ಕೆ” ಎನ್ನುವಷ್ಟರಲ್ಲಿ ಅವನು ಅಲ್ಲಿ ನಿಂತಿರುತ್ತಿದ್ದ.

ಮಸ್ಕಿಯ ಚಹಾದಂಗಡಿಗೆ ಹೋದರೂ ಅದೇ. ಚಹಾವನ್ನು ಬಸಿಗೆ ಸುರುವಿ, ಕುಡಿಯದೆ, ಬಸಿಯ ಅಂಚನ್ನೇ ನೋಡುತ್ತಿದ್ದ. ಚಹಾ ಒಂದು ಕಡೆ ಹೆಚ್ಚು ಬಂದಿದೆ ಅನ್ನಿಸಿದರೆ ಬಗ್ಗಿ, ಖಾಲಿ ಬೀಡಿಕಟ್ಟಿನ ಕಾಗದ ಮಡಚಿ ಟೇಬಲ್ಲಿನ ಕಾಲಿಗೆ ಕೊಡುತ್ತಿದ್ದ. “ಬಂದ್ರು ನೋಡ್ರಪಾ ಇಂಜಿನಿಯರ್ ಸಾಹೇಬ್ರು, ನಮ್ಮಂಗಡಿಗೂ ಒಂದು ಒಡ್ಡು ಹಾಕ್ರಿ” ಎಂದು ಅಂಗಡಿಯವನು ನಗುತ್ತಿದ್ದ. ಹಟ್ಟಿಯಲ್ಲಿ ಕಾಕಾನ ಹೆಂಡತಿಯ ತಮ್ಮ ಬಂಗಾರದ ಗಣಿಯಲ್ಲಿದ್ದ. ಕಂಪನಿ ಮನೆ, ತಿಂಗಳಾದರೆ ಪಗಾರ, ಬಾ ಎಂದು ಎಷ್ಟೋ ಸಲ ಕರೆದ. ಕಾಕಾ ಒಪ್ಪಲಿಲ್ಲ. “ಅಲ್ಲಿ ನೆಟ್ಟಗ ಕೆಳಗ ಇಳೀಬೇಕಂತ. ನನ್ನ ಕಾಲು ಕೇಳೂದಿಲ್ಲ” ಅಂದ. ಹೆಂಗದೀ ಎಂದು ಯಾರು ಕೇಳಿದರೂ ಅವನ ಉತ್ತರ ಒಂದೇ: “ಮಟ್ಟ ಅದೀನಿ.”

ಊರೂರಿಗೆ ಒಡ್ಡು ಹಾಕಿಸಿದವನ ಸ್ವಂತ ಹೊಲಕ್ಕೆ ಒಡ್ಡು ಇರಲಿಲ್ಲ. ಅವನ ಹೊಲ, ಪಕ್ಕದ ನನ್ನ ಹೊಲ, ಮೇಲೆ ಕೆಳಗೆ ಇನ್ನೂ ನಾಲ್ಕು ಮನೆಯವರ ಹೊಲಗಳು ಗುಡ್ಡದ ಬುಡದ ಇಳಿಜಾರಿನಲ್ಲಿವೆ. ಮಸಾರಿ ನೆಲ, ಕೆಂಪು ಮಣ್ಣು ಮೇಲೆ ತೆಳ್ಳಗೆ, ಕೆಳಗೆಲ್ಲ ಬೀಜ ಹತ್ತದ ಗರಸುಕಲ್ಲು. ಪ್ರತಿ ಮಳೆಗೂ ಒಂದಿಷ್ಟು ಮಣ್ಣು ಹಳ್ಳ ಸೇರುತ್ತಿತ್ತು. ಒಡ್ಡು ಕೇಳಲು ಹೋದರೆ ಆಫೀಸಿನವರು ನಕ್ಷೆ ತೋರಿಸುತ್ತಿದ್ದರು. ಸಿಂಧನೂರು ಕಡೆ ಕಾಲುವೆ ಬಂದಿತ್ತಲ್ಲ, ಆ ಕಾಲುವೆಯ ನೀರು ನಮ್ಮ ಹೊಲಕ್ಕೂ ಬರುತ್ತದೆಂದು ನಕ್ಷೆಯಲ್ಲಿತ್ತು. ನೀರು ಬರುವ ಹೊಲಕ್ಕೆ ಒಡ್ಡಿನ ಗ್ರಾಂಟು ಇಲ್ಲ. ಕಾಲುವೆಯವರನ್ನು ಕೇಳಿದರೆ, “ನಿಮ್ಮ ಹೊಲ ಎತ್ತರ ಅದಾವ, ನೀರು ಹ್ಯಾಂಗ ಹತ್ತತೈತ್ರೀ?” ಎನ್ನುತ್ತಿದ್ದರು. ಅದನ್ನೇ ಬರೆದು ಕೊಡಿ ಎಂದರೆ, “ಬರದು ಕೊಡಾಕ ಬರೂದಿಲ್ಲ” ಎನ್ನುತ್ತಿದ್ದರು. ಹೀಗೆ ನೀರೂ ಇಲ್ಲ, ಒಡ್ಡೂ ಇಲ್ಲ. ಆ ಆಫೀಸಿನ ಬಾಗಿಲಿನಿಂದ ಈ ಆಫೀಸಿನ ಬಾಗಿಲಿಗೆ ಹತ್ತು ವರ್ಷ ಓಡಾಡಿದೆವು. ಸಿಟ್ಟು ಬಂದರೆ ಬಯ್ಯಲು ಎದುರಿಗೆ ಒಬ್ಬ ಮನುಷ್ಯನೂ ಸಿಗುತ್ತಿರಲಿಲ್ಲ. ಎಲ್ಲರೂ ಚಲೋ ಮಾತಾಡಿಯೇ ಕಳಿಸುತ್ತಿದ್ದರು.

ಆ ವರ್ಷಗಳಲ್ಲಿ ಕಾಕಾ ಒಂದು ಕೆಲಸ ಹಿಡಿದ. ದಿನಾ ಸಂಜೆ ರಸ್ತೆಯಿಂದ ಮನೆಗೆ ಬರುವಾಗ ಗುಡ್ಡದ ಬುಡದಿಂದ ಒಂದು ಕಲ್ಲು ಎತ್ತಿಕೊಂಡು ಬಂದು, ತನ್ನ ಡೊಂಕು ದಾರಿಯ ಮೇಲೆ ಇಡುತ್ತಿದ್ದ. ದಿನಕ್ಕೊಂದೇ ಕಲ್ಲು. ಅವನು ಮಟ್ಟ ಹಿಡಿದು ನಡೆದ ದಾರಿಯೇ ಆದ್ದರಿಂದ ಕಲ್ಲಿನ ಸಾಲೂ ಮಟ್ಟವಾಗಿಯೇ ಬೆಳೆಯಿತು. ಮಳೆ ನೀರು ಅದಕ್ಕೆ ತಾಗಿ ನಿಂತು, ಮಣ್ಣನ್ನು ಅಲ್ಲೇ ಬಿಟ್ಟು, ತಿಳಿಯಾಗಿ ಕಲ್ಲಿನ ಸಂದಿಯಿಂದ ಮುಂದಕ್ಕೆ ಹೋಗುತ್ತಿತ್ತು. ವರ್ಷ ವರ್ಷ ಕೂಡುತ್ತ ಸಾಲಿನ ಹಿಂದೆ ಒಂದು ಗೇಣು ಮಣ್ಣು ನಿಂತಿತು. ಅಲ್ಲಿ ಸಜ್ಜೆಯ ತೆನೆ ಬೇರೆ ಕಡೆಗಿಂತ ದಪ್ಪ. ಅವನ ಹೆಂಡತಿ ಹಂಪವ್ವ ಸಾಲಿನುದ್ದಕ್ಕೂ ಪುಂಡಿ ಬೀಜ ಉದುರಿಸಿದ್ದಳು. ಇಡೀ ಓಣಿಗೆ ಅವಳದೇ ಪುಂಡಿಪಲ್ಯ.

ಗೆರೆ ನನ್ನ ಹೊಲದ ಅಂಚಿಗೆ ಬಂದಾಗ ಕಾಕಾ ನಿಂತ.

“ತಮ್ಮಾ ಯಂಕಪ್ಪ, ಇದು ನಿನ್ನ ಹೊಲದಾಗ ಹೋಗಬೇಕಂತೈತಿ. ನಾನ ಇಡ್ತೀನಿ ಬಿಡು, ನೀ ಮುಟ್ಟಬ್ಯಾಡ.”

“ಬ್ಯಾಡ ಕಾಕಾ. ಸರ್ಕಾರ ಕೊಡಬೇಕಾದ್ದು ಕೊಡ್ತೈತಿ. ನಾ ಯಾಕ ಕಲ್ಲು ಆರಿಸ್ಲಿ?”

ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಗಳೇವು ಹಿಡಿದವನು ನಾನು. ಇನ್ನೊಬ್ಬರು ನನ್ನ ಹೊಲದಲ್ಲಿ ಬೆವರು ಸುರಿಸುವುದು ನನಗೆ ಸೇರುತ್ತಿರಲಿಲ್ಲ. ಸಾಲು ಅಂಚಿಗೆ ನಿಂತಿತು. ಕಾಕಾನ ಹೆಜ್ಜೆ ಮಾತ್ರ ನನ್ನ ಹೊಲದಲ್ಲೂ ಅದೇ ಡೊಂಕಿನಲ್ಲಿ ಮುಂದುವರಿಯಿತು.

ಕೊನೆಗೆ ಕಾಲುವೆಯ ನಕ್ಷೆಯಿಂದ ನಮ್ಮ ಹೊಲಗಳನ್ನು ಕೈಬಿಟ್ಟರೆಂಬ ಕಾಗದ ಬಂತು. ನೀರು ಬರುವುದಿಲ್ಲವೆಂದು ಖಾತ್ರಿಯಾದ ದಿನ ನಾವು ಸಕ್ಕರೆ ಹಂಚಿದೆವು! ಲಿಂಗಸುಗೂರಿನ ಬಸ್ಸಿನಿಂದ ಒಡ್ಡಿನ ಸಾಹೇಬರು ಇಳಿದರು. ಮೈಸೂರು ಕಡೆಯವರು, ಸಣ್ಣ ವಯಸ್ಸು, ಒಳ್ಳೆಯವರು. ಹೊಲ ನೋಡುತ್ತ ಬಂದವರು ಕಾಕಾನ ಕಲ್ಲಿನ ಸಾಲಿನ ಮೇಲೆ ನಿಂತು, ಹಿಂದಕ್ಕೆ ಮುಂದಕ್ಕೆ ನೋಡಿದರು.

“ಯಾರು ಹಾಕಿದ್ದು ಅಮರಪ್ಪ? ನನ್ನ ದುರ್ಬೀನಿಗೂ ಇಷ್ಟು ನಿಖರ ಬರೋಲ್ಲ.”

ಕಾಕಾನ ಮುಖ ಅರಳಿತು. ಸಾಹೇಬರ ಮುಖ ಅರಳಲಿಲ್ಲ.

“ಆದ್ರೆ ಇದು ಇದ್ರೆ ಗ್ರಾಂಟು ಬರೋಲ್ಲಪ್ಪ. ಮೊದಲೇ ಒಡ್ಡು ಇರೋ ಹೊಲ ಬಿಡಬೇಕು ಅಂತ ರೂಲು. ನಿನ್ನ ಹೊಲ ನಡುವೆ ಇದೆ. ಅದನ್ನ ಬಿಟ್ರೆ ಮೇಲಿನ ತುಂಡು ಬೇರೆ, ಕೆಳಗಿನ ತುಂಡು ಬೇರೆ. ಎರಡೂ ಸಣ್ಣದಾಗಿ ಯಾವುದಕ್ಕೂ ಸಿಗೋಲ್ಲ. ಆರೂ ಜನರದ್ದು ಹೋಗುತ್ತೆ.” ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು. “ನಾನು ಇವತ್ತು ಈ ಕಡೆ ಬಂದೇ ಇಲ್ಲ ಅನ್ಕೊಳಿ. ಸೋಮವಾರ ಬರ್ತೀನಿ.”

ಆ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಳಿದವರು ನನ್ನನ್ನು ಮುಂದೆ ಮಾಡಿದರು. ಕಾಕಾ ನನ್ನ ಮಾತು ಕೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಾನು ಹೋಗಿ ಅವನ ಕಟ್ಟೆಯ ಮೇಲೆ ಕೂತೆ.

“ಕಲ್ಲು ಕೀಳೂದು ಒಂದು ದಿನದ ಕೆಲಸ” ಎಂದ ಕಾಕಾ, ನಾನು ಬಾಯಿ ತೆರೆಯುವ ಮೊದಲೇ. “ಅದರ ಹಿಂದಿನ ಮಣ್ಣು ಹೋದ್ರ ನಾ ಇನ್ನೊಮ್ಮೆ ಹುಟ್ಟಿ ಬರಬೇಕು.”

“ಮಳಿ ಎಲ್ಲೈತಿ ಕಾಕಾ ಈಗ? ಇನ್ನ ಶಿವರಾತ್ರಿ ಆಗಿಲ್ಲ. ಮಳಿಗಾಲದೊಳಗ ಸರ್ಕಾರದ ಒಡ್ಡ ಬರತೈತಿ. ಆರು ಮನಿ ಮಾರಿ ನೋಡು.”

ಅವನು ತನ್ನ ಪಾದ ನೋಡಿಕೊಂಡ. “ಆತು” ಅಂದ.

ಆರು ಮನೆಯವರೂ ಬುಟ್ಟಿ ಹಿಡಿದು ಬಂದೆವು. ನಗುತ್ತ, ಕೆಣಕುತ್ತ, ಜಾತ್ರೆಗೆ ಬಂದವರ ಹಾಗೆ ಕಿತ್ತೆವು. ಕಾಕಾ ನಮ್ಮ ನಡುವೆ ಓಡಾಡುತ್ತ, “ಸಾಲು ಕೆಡಿಸಬ್ಯಾಡ್ರೋ, ತೆಗದಂಗ ಒಂದರ ಮಗ್ಗಲಕ ಒಂದ ಇಡ್ರಿ, ಮತ್ತ ಇಡೂದೈತಿ” ಎನ್ನುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಲೆಯಲ್ಲಿ ಗುಡ್ಡೆ ಹಾಕಿ ಮೇಲೆ ಜಾಲಿಮುಳ್ಳು ಹೊದಿಸಿದೆವು. ಹಂಪವ್ವ ಬೀಜಕ್ಕೆಂದು ಬಿಟ್ಟಿದ್ದ ಒಣ ಪುಂಡಿಗಿಡಗಳನ್ನು ತಾನೇ ಕಿತ್ತು ಉಡಿಗೆ ಹಾಕಿಕೊಂಡಳು. “ಏನಪಾ ಯಂಕಪ್ಪ, ನಿಮ್ಮ ಸರ್ಕಾರಕ್ಕ ಪುಂಡಿಪಲ್ಯ ಸೇರೂದಿಲ್ಲೇನು?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸೋಮವಾರ ಸಾಹೇಬರು ಬಂದರು. ಕಲ್ಲಿದ್ದ ಜಾಗದಲ್ಲೇ ಕಾಕಾ ಕಟ್ಟಿಗೆ ಹಿಡಿದು ನಿಂತ. ಈ ಹೊಲದಲ್ಲಿ ಹಿಂದೆ ಯಾವ ಒಡ್ಡೂ ಇರಲಿಲ್ಲ ಎಂದು ಬರೆದ ಕಾಗದಕ್ಕೆ ಹೊಲದ ಒಡೆಯನಾಗಿ ಅವನೇ ಹೆಬ್ಬೆಟ್ಟು ಒತ್ತಿದ. ಬೆರಳಿನ ಮಸಿಯನ್ನು ಧೋತರಕ್ಕೂ ಒರೆಸಲಿಲ್ಲ, ಮಣ್ಣಿಗೂ ಒರೆಸಲಿಲ್ಲ. ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಮನೆಗೆ ಹೋದ.

ಗ್ರಾಂಟು ಮಂಜೂರಾಯಿತು. ಕೆಲಸ ಶುರುವಾಗಲಿಲ್ಲ.

ಶಿವರಾತ್ರಿ ಮುಗಿದ ಮೇಲೆ ಕಾಕಾ ನನ್ನ ಹತ್ತಿರ ಬಂದ. “ತಮ್ಮಾ, ಕಲ್ಲು ಇಟ್ಟುಬಿಡ್ಲೇನು?”

“ತಡಿ ಕಾಕಾ. ಮ್ಯಾಲಿನ ಸಾಹೇಬ್ರು ಇನ್ನೊಮ್ಮೆ ಬಂದು ನೋಡ್ತಾರಂತ. ಕಂಡ್ರ ಎಲ್ಲಾ ಕೆಡತೈತಿ.”

ಮಾರ್ಚ್ ಮುಗಿಯಿತು. ಆ ವರ್ಷದ ಗ್ರಾಂಟು ಆ ವರ್ಷಕ್ಕೇ ಮುಗಿಯಿತು, ಹೊಸ ವರ್ಷದಲ್ಲಿ ಮತ್ತೆ ಬರುತ್ತದೆ ಎಂದು ಆಫೀಸಿನವರು ಹೇಳಿದರು. ಕಾಕಾನಿಗೆ ಪಗಾರ ಬರುತ್ತಿದ್ದದ್ದೂ ಅದೇ ಗ್ರಾಂಟಿನಿಂದ. ಪ್ರತಿ ವರ್ಷದಂತೆ ಅವನನ್ನೂ ಮನೆಗೆ ಕಳಿಸಿದರು. ಯುಗಾದಿಯ ಮರುದಿನ ಅವನು ಮತ್ತೆ ಬಂದ.

“ಇಡ್ಲೇನು?”

“ಇನ್ನೊಂದು ತಿಂಗಳು ತಡಿ. ಇಷ್ಟು ದಿನ ತಡದೀ.”

ಆ ದಿನಗಳಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಾಕಾ ತನ್ನ ಡೊಂಕು ದಾರಿ ಬಿಟ್ಟು, ಹೊಲದ ಹೊರಗಿನ ಬಂಡಿದಾರಿ ಹಿಡಿದು ರಸ್ತೆಗೆ ಹೋಗುತ್ತಿದ್ದ.

ಮೂರನೆಯ ಸಲ ಬಂದಾಗ ರೋಹಿಣಿ ಮಳೆ ಕೂಡಲು ನಾಲ್ಕು ದಿನವಿತ್ತು. ಅವನು ಕೂರಲಿಲ್ಲ.

“ಗಾಳಿ ತಿರುಗೈತಿ ಯಂಕಪ್ಪ. ನೀ ಹೂಂ ಅಂದ್ರ ಇವತ್ತ ಹಿಡೀತೀನಿ. ನಾನೂ ಹಂಪವ್ವನೂ ಮುಗಸ್ತೀವಿ.”

ನಾನು ಹೂಂ ಅನ್ನಬಹುದಿತ್ತು. ಆದರೆ ಉಳಿದ ನಾಲ್ವರಿಗೆ ಮಾತು ಕೊಟ್ಟವನು ನಾನು. ಅವರ ಮುಂದೆ ನನ್ನ ಮಾತು ಹೋಗಬಾರದಿತ್ತು. “ಕಾಕಾ, ನಿನ್ನ ಒಂದು ಹೊಲದ ಸಲುವಾಗಿ ಐದು ಮನಿ ಮುಳುಗಿಸ್ತೀಯೇನು?” ಅಂದೆ. ಅವನು ನನ್ನ ಮುಖ ನೋಡಿದ. ಹಿಂತಿರುಗಿ ಹೋದ.

ಮಳೆ ಕಾಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಗುಡ್ಡದ ಮೇಲೆ ಮೋಡ ಕವಿದು, ಎದುರಿನ ಮನುಷ್ಯ ಕಾಣದಂತೆ ಸುರಿಯಿತು. ನಿಂತ ಮೇಲೆ ಓಡಿದೆ. ಕಾಕಾ ಹೊಲದ ನಡುವೆ ನಿಂತಿದ್ದ. ಅವನ ಸುತ್ತ ಗರಸು ಹಲ್ಲು ಕಿರಿದಂತೆ ಬೆಳ್ಳಗೆ ಎದ್ದಿತ್ತು. ಗೇಣು ಮಣ್ಣು ಇದ್ದ ಜಾಗಕ್ಕೂ ಇಲ್ಲದ ಜಾಗಕ್ಕೂ ಭೇದವೇ ಉಳಿದಿರಲಿಲ್ಲ. ಕೆಳಗಿನ ಹಳ್ಳ ಕೆಂಪಗೆ ಮೊರೆಯುತ್ತಿತ್ತು. ಮೂಲೆಯ ಕಲ್ಲಿನ ಗುಡ್ಡೆ ಮಾತ್ರ ಮುಳ್ಳು ಹೊದ್ದುಕೊಂಡು ಹಾಗೇ ಕೂತಿತ್ತು.

ಅವನು ಬಯ್ಯಲಿ ಎಂದು ನಿಂತೆ. ಅವ್ವ ಅಕ್ಕ ಎತ್ತಿ ಬಯ್ದಿದ್ದರೆ ನನಗೆ ಬದುಕುವುದು ಹಗುರವಾಗುತ್ತಿತ್ತು.

“ನೋಡು ತಮ್ಮಾ” ಎಂದ ಕಾಕಾ, ಮೆಲ್ಲಗೆ. “ಎಲ್ಲಾ ಕಡಿ ಒಂದ ಸಮ ಹೋಗೈತಿ. ಮಟ್ಟ ತಪ್ಪಿಲ್ಲ.”

ಆ ವರ್ಷ ಅವನು ಬಿತ್ತಲಿಲ್ಲ. ಆಫೀಸಿನಿಂದ ಕರೆ ಬಂದರೂ ಹೋಗಲಿಲ್ಲ. ದಸರೆಯ ಹೊತ್ತಿಗೆ ಗಂಡ ಹೆಂಡತಿ ಕಾಲುವೆ ಸೀಮೆಯ ತುರ್ವಿಹಾಳಕ್ಕೆ ಭತ್ತದ ಗದ್ದೆಯ ಕೂಲಿಗೆ ಹೋದರು. ಹಂಪವ್ವ ಓಣಿಯಲ್ಲಿ ಎಲ್ಲರಿಗೂ ಹೇಳಿ ಹೋದಳಂತೆ. ನಮ್ಮ ಮನೆ ಬಾಗಿಲಿಗೆ ಬರಲಿಲ್ಲ.

ಗ್ರಾಂಟು ಮರುವರ್ಷ ಬಂತು. ಕಾಕಾ ನಿಂತು ತೋರಿಸಿದ್ದ ಅದೇ ಗೆರೆಯ ಮೇಲೆ, ಅವನ ಹೊಲದಲ್ಲೂ ನನ್ನ ಹೊಲದಲ್ಲೂ ಒಡ್ಡು ಎದ್ದಿತು. ಇವತ್ತಿಗೂ ಗಟ್ಟಿಯಾಗಿದೆ. ಅದರ ಹಿಂದೆ ನೀರು ನಿಲ್ಲುತ್ತದೆ. ನಿಂತ ನೀರಿನ ಅಡಿಯಲ್ಲಿ ಗರಸು ಕಾಣುತ್ತದೆ.

ಮೂರು ವರ್ಷದ ಮೇಲೆ ದನಕ್ಕೆ ಭತ್ತದ ಹುಲ್ಲು ತರಲು ಬಂಡಿ ಕಟ್ಟಿಕೊಂಡು ತುರ್ವಿಹಾಳಕ್ಕೆ ಹೋಗಿದ್ದೆ. ಹುಲ್ಲು ಸಮೀಪದಲ್ಲೇ ಸಿಗುತ್ತಿತ್ತು. ಅಷ್ಟು ದೂರ ಯಾಕೆ ಹೋದೆ ಎಂದು ಹೆಂಡತಿಗೂ ಹೇಳಿರಲಿಲ್ಲ. ಕಾಲುವೆಯ ದಂಡೆಯ ಮೇಲೆ ಕಾಕಾ ಸಿಕ್ಕ. ಸಲಿಕೆ ಹೆಗಲಮೇಲೆ, ಮೊಳಕಾಲಿನ ತನಕ ಕೆಸರು.

“ಹೆಂಗದೀ ಕಾಕಾ?”

“ಚಲೋ ಅದೀನಿ. ಇಲ್ಲಿ ನೆಲಾನ ಮಟ್ಟ ಐತಿ ತಮ್ಮಾ. ನನ್ನ ಕಾಲಿಗೆ ಕೆಲಸ ಇಲ್ಲ.”

“ಒಡ್ಡ ಆತು ಕಾಕಾ.”

“ಆತೇನು? ಗಟ್ಟಿ ಆಗೈತೇನು?”

“ಗಟ್ಟಿ ಐತಿ.”

“ನೀರು ನಿಂದ್ರತೈತೇನು?”

“ನಿಂದ್ರತೈತಿ.”

ಮಣ್ಣಿನ ಮಾತು ಕೇಳುತ್ತಾನೆಂದು ಕಾದೆ. ಕೇಳಿದರೆ, ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತು ಬಾಯಿಗೆ ಬರುತ್ತಿತ್ತು. ಅವನು ಕೇಳಲಿಲ್ಲ. ನಾನೇ ಹೇಳಬೇಕಿತ್ತು. “ಎತ್ತಿಗೆ ನೀರು ಕುಡಿಸ್ಕೊಂಡು ಹೋಗು, ಬಿಸಲೈತಿ” ಎಂದು ಹೇಳಿ ಕಾಕಾ ಹೊರಟ.

ಒಮ್ಮೆಯಾದರೂ ಹೊರಳುತ್ತಾನೆಂದು ನೋಡುತ್ತ ನಿಂತೆ. ದಂಡೆ ಗೆರೆ ಎಳೆದಂತೆ ದೂರದವರೆಗೆ ಹೋಗಿತ್ತು. ಅದರ ಮೇಲೆ ಕಾಕಾ ಎಡಕ್ಕೂ ಬಾಗದೆ ಬಲಕ್ಕೂ ಬಾಗದೆ, ಎಲ್ಲರ ಹಾಗೆ, ನೆಟ್ಟಗೆ ನಡೆದು ಹೋಗುತ್ತಿದ್ದ.