ಕೊಡದಕ್ಕನ ತೋಪಿಗೆ ಕೆಂಪು ಪಟ್ಟಿ

ಬೆಳಕು ಇನ್ನೂ ಕೊಂಬೆಗಳಿಂದ ನೆಲಕ್ಕೆ ಇಳಿದಿಲ್ಲ. ತಲೆಗೆ ಬಟ್ಟೆ ಬಿಗಿದ ಗಿಡ್ಡ ಹೆಂಗಸೊಬ್ಬಳು ಕುಡುಗೋಲಿನ ಬೆನ್ನಿನಿಂದ ತೊಗಟೆ ಹೆರೆಯುತ್ತಾಳೆ, ಉಫ್ ಎಂದು ಪುಡಿ ಊದುತ್ತಾಳೆ, ಬ್ರಷ್ಷು ಅದ್ದಿ ಕಾಂಡದ ಸುತ್ತ ಕೆಂಪು ಪಟ್ಟಿ ಎಳೆಯುತ್ತಾಳೆ. ಪಟ್ಟಿ ಬಿದ್ದದ್ದು ಕೊಡಲಿಗೆ. ಈ ತೋಪನ್ನು ನೆಟ್ಟು ಸಾಕಿದವಳೂ ಇವಳೇ.

ಊರಿಗೆಲ್ಲ ಇವಳು ಕೊಡದಕ್ಕ. ಹಿಂದೊಮ್ಮೆ ವಿದ್ಯುತ್ ತಂತಿ ಎಳೆಯಲು ಬೆಟ್ಟದ ಕಾಡು ಕಡಿದಾಗ, ಅದಕ್ಕೆ ಬದಲಾಗಿ ಅರಣ್ಯ ಇಲಾಖೆ ಈ ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಹಾಕಿ ಸಸಿ ನೆಡಿಸಿತು. ಸಸಿ ನೆಟ್ಟು ಕಾಯುವ ದಿನಗೂಲಿಗೆ ಬಂದವಳು ಬೇಸಿಗೆಯಿಡೀ ಹಳ್ಳದಿಂದ ಕೊಡ ಹೊತ್ತಳು. ಹೆಸರು ಅಂಟಿದ್ದು ಆಗ. ಮೇಕೆ ನುಗ್ಗಿಸಿದ್ದಕ್ಕೆ ಒಡಹುಟ್ಟಿದ ತಂಗಿಯನ್ನೇ ಬೇಲಿಯಾಚೆ ಅಟ್ಟಿದಳು. ಮೇವಿಲ್ಲದೆ ಮೇಕೆ ಮಾರಿದ ತಂಗಿ ಇಟ್ಟಿಗೆ ಗೂಡಿಗೆ ದುಡಿಯಲು ಹೋದಳು. ಅಂದಿನಿಂದ ಅಕ್ಕನ ಹೊಸಿಲು ತುಳಿದಿಲ್ಲ.

ಈಗ ಎರಡನೆಯ ತಂತಿ ಬರುತ್ತಿದೆ, ತೋಪಿನ ನಟ್ಟನಡುವೆ. ಕಡಿಯುವ ಮರಕ್ಕೆ ಪಟ್ಟಿ ಬಳಿಯುವ ಕೂಲಿಯೂ ಕೊಡದಕ್ಕನಿಗೇ ಸಿಕ್ಕಿದೆ. ಇಂದು ಗೂಡಿಗೆ ಹೊರಟ ತಂಗಿ ಬೇಲಿಯ ಬಳಿ ನಿಂತು, ಇಷ್ಟು ವರ್ಷದ ಮೇಲೆ ನಗುತ್ತ ಬಾಯಿ ಬಿಡುತ್ತಾಳೆ: "ಏನಕ್ಕಾ, ಅವತ್ತು ನನ್ನ ಮೇಕೆ ಈ ಸಸಿ ತಿಂದಿದ್ರೆ ಹಾಲಾದ್ರೂ ಆಗ್ತಿತ್ತಲ್ಲೇ!"

ಕೊಡದಕ್ಕ ಮತ್ತೆ ಬ್ರಷ್ಷು ಅದ್ದುತ್ತಾಳೆ. "ಅವಳು ಹೇಳಿದ್ರಲ್ಲಿ ಸುಳ್ಳೇನಿದೆ?" ಎಂದು ಸುದ್ದಿ ಬರೆಯಲು ಬಂದ ನನ್ನನ್ನು ಮೆಲ್ಲಗೆ ಕೇಳುತ್ತಾಳೆ. "ಕರೆಂಟು ಬೇಡ ಅನ್ನೋಕೂ ನನಗೆ ಬಾಯಿಲ್ಲ. ಮೊಮ್ಮಗಳು ಓದೋದೂ ಬಲ್ಬಿನ ಕೆಳಗೇನೇ."

ಬಿಸಿಲೇರುವ ಹೊತ್ತಿಗೆ ತಂತಿ ಕಂಪನಿಯ ಮೇಸ್ತ್ರಿ ಟೇಪು ಹಿಡಿದು ಬರುತ್ತಾನೆ. ಎದೆಮಟ್ಟದಲ್ಲಿ ಪಟ್ಟಿ ಬಳಿದು, ಪಟ್ಟಿಯ ಮೇಲೆಯೇ ಕಾಂಡದ ಸುತ್ತಳತೆ ಹಿಡಿಯುವುದು ಈ ಕೆಲಸದ ರೂಢಿ. ದಪ್ಪ ಸಾಕಷ್ಟಿದ್ದರೆ ಅದು ಮರ. ಕಡಿದವರು ಇನ್ನೊಂದು ಕಡೆ ನೆಟ್ಟು ಬೆಳೆಸಬೇಕು. ಇಲ್ಲದಿದ್ದರೆ ಪೊದೆ, ಕೇಳುವವರಿಲ್ಲ. ಕಾಂಡವೋ, ಮೇಲೇರಿದಷ್ಟೂ ಸಣ್ಣ.

"ಇಷ್ಟು ಕೆಳಗೆ ಬಳಿದಿದ್ದೀಯಲ್ಲಮ್ಮ!"

"ನನ್ನ ಎದೆ ಇರೋದೇ ಇಲ್ಲಿ, ಮೇಸ್ತ್ರಿ. ದೇವರು ಕುಳ್ಳಿ ಮಾಡ್ಬಿಟ್ಟ."

"ನನ್ನ ಎದೆಗೆ ಬಳಿ."

"ನಿಮ್ಮದು ಕಂಪನಿ ಎದೆ. ಅದು ನನ್ನ ಕೈಗೆ ಎಟುಕೋದಾ?"

ಕೊಡಲಿಯವರು ಗೊಳ್ಳೆಂದು ನಗುತ್ತಾರೆ. ಮೇಸ್ತ್ರಿ ನಗುವುದಿಲ್ಲ. ಖಾಲಿ ಬಕೆಟ್ಟೊಂದನ್ನು ಮರದ ಬುಡದಲ್ಲಿ ಬೋರಲು ಹಾಕಿ, "ಹತ್ತು" ಎನ್ನುತ್ತಾನೆ, "ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅವಳು ಹತ್ತುತ್ತಾಳೆ. ಮೊದಲಿನ ಪಟ್ಟಿಗಿಂತ ಮೇಲೆ ಇನ್ನೊಂದು ಪಟ್ಟಿ ಬೀಳುತ್ತದೆ. ಕೆಳಗಿನ ಪಟ್ಟಿಯಲ್ಲಿ ಅಳೆದರೆ ಮರವಾಗುವುದು ಮೇಲಿನದರಲ್ಲಿ ಪೊದೆ. "ಪೊದೆ... ಪೊದೆ..." ಎಂದು ಮೇಸ್ತ್ರಿ ಕೂಗುತ್ತ ಸಾಗುತ್ತಾನೆ. ಬಕೆಟ್ಟು ಎತ್ತಿಕೊಂಡು ಅವಳು ಹಿಂದೆ ನಡೆಯುತ್ತಾಳೆ. ಬೇಲಿಯಾಚೆ ತಂಗಿ ಗೂಡಿಗೂ ಹೋಗದೆ ಇನ್ನೂ ನೋಡುತ್ತಿದ್ದಾಳೆ. ಅವಳ ನಗುವೂ ನಿಂತಿದೆ.

ಏನು ಬೇಕು ನಿಮಗೆ, ಎಂದು ನಾನು ಕೇಳಿದರೆ ಕೊಡದಕ್ಕ ಅಂಗೈಯ ಬಣ್ಣ ತಿಕ್ಕಿಕೊಳ್ಳುತ್ತಾಳೆ.

"ಕಡೀಲಿ ಬಿಡಿ. ಆದ್ರೆ ಮರ ಅಂತ ಕರೆದು ಕಡೀಲಿ. ಒಂದು ಪೊದೆಗೋಸ್ಕರ ನಾನು ತಂಗೀನ ಅಟ್ಟಿದೆ ಅಂತ ಆಗ್ಬಾರ್ದು."